ಹಬ್ಶಿಯ ಮುಖಕ್ಕೆ ಸುಣ್ಣ ಬಳಿದವರು ಯಾರು? ಐತಿಹಾಸಿಕ ಸಿನಿಮಾಗಳ ಪಾತ್ರ ಹಂಚಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರಿನಲ್ಲಿ ಮೂವತ್ತು ವರ್ಷಗಳಿಂದ ನಾಟಕದವರಿಗೆ ಬಣ್ಣ ಹಚ್ಚುತ್ತಿದ್ದೇನೆ. ಕಾಲೇಜುಗಳವರು ಕರೆದರೆ ಕಲಬುರಗಿ, ಯಾದಗಿರಿ, ಬಸವಕಲ್ಯಾಣಕ್ಕೆ ಹೋಗಿ ಐತಿಹಾಸಿಕ ಸಿನಿಮಾಗಳ ತುಣುಕು ತೋರಿಸಿ ಮಾತನಾಡುವುದೂ ಉಂಟು. ಮಾತು ಮುಗಿದ ಮೇಲೆ ಹುಡುಗರು ಮೇಜಿನ ಸುತ್ತ ಬಂದು ನಿಲ್ಲುತ್ತಾರೆ. ಊರು ಬೇರೆಯಾದರೂ ಅವರ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಿಂತ ಕಾಲಲ್ಲಿ ಕೊಟ್ಟ ಉತ್ತರ ನನಗೇ ತೃಪ್ತಿಯಾಗದ ಕಾರಣ, ಒಮ್ಮೆ ಕುಳಿತು ಎಲ್ಲವನ್ನೂ ಬರೆದಿಟ್ಟಿದ್ದೇನೆ.

‘ಸುಣ್ಣ ಬಳಿಯುವುದು’ ಎಂದು ನೀವು ಹೇಳುವುದು ಯಾವುದಕ್ಕೆ?

ಇಂಗ್ಲಿಷಿನವರು ವೈಟ್‌ವಾಷಿಂಗ್ ಎನ್ನುವುದಕ್ಕೆ. ಬಿಳಿಯರಲ್ಲದ ವ್ಯಕ್ತಿಯ ಪಾತ್ರವನ್ನು ಬಿಳಿಯ ನಟನಿಗೆ ಕೊಡುವುದು ಅಥವಾ ಕಥೆಯಲ್ಲಿಯೇ ಆ ವ್ಯಕ್ತಿಯನ್ನು ಬಿಳಿಯನನ್ನಾಗಿ ಮಾಡಿಬಿಡುವುದು ಅದರ ಅರ್ಥ. ನಮ್ಮ ಭಾಗದ ಹಳೆಯ ಗುಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಜಾತ್ರೆ ಬಂದಾಗಲೆಲ್ಲ ಭಕ್ತಿಯಿಂದಲೇ ಸುಣ್ಣ ಬಳಿದು, ಪದರದ ಮೇಲೆ ಪದರ ಕುಳಿತು, ಕಂಬದ ಮೇಲಿನ ಶಾಸನದ ಅಕ್ಷರಗಳು ಮುಚ್ಚಿಹೋಗಿರುತ್ತವೆ. ಬಳಿದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಆದರೆ ದಾನ ಕೊಟ್ಟವರು ಯಾರು, ಎಷ್ಟು ಮತ್ತರು ಭೂಮಿ ಬಿಟ್ಟರು ಎಂಬುದು ಮುಂದಿನವರಿಗೆ ಓದಲು ಸಿಗದೆ ಹೋಯಿತು.

ಬಿಳಿಯರಿಗೇ ಕೊಡಬೇಕೆಂದಿಲ್ಲ. ಒಂದು ನೆಲದವರ ಮುಖವನ್ನು ಇನ್ನೊಂದು ನೆಲದವರಿಂದ ಮುಚ್ಚುವುದೂ ಇದೇ ಜಾತಿಯ ಕೆಲಸ. ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟು ಉತ್ತರಿಸುತ್ತೇನೆ.

ಇದು ಹಾಲಿವುಡ್ಡಿನವರ ರೋಗ. ನಮಗೇಕೆ?

ಹಾಲಿವುಡ್ಡಿನಲ್ಲಿ ಬೇಕಾದಷ್ಟು ನಡೆದಿದೆ, ನಿಜ. 1956ರ ‘ದ ಕಾಂಕರರ್’ ಚಿತ್ರದಲ್ಲಿ ಮಂಗೋಲರ ಚೆಂಗೀಸ್ ಖಾನನಾಗಿ ನಿಂತವರು ಕೌಬಾಯ್ ಪಾತ್ರಗಳ ಜಾನ್ ವೇನ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ ಜಿಮ್ ಥೋರ್ಪ್ ಅಮೆರಿಕದ ಮೂಲನಿವಾಸಿ. ಅವರ ಬದುಕಿನ ಮೇಲೆ 1951ರಲ್ಲಿ ಬಂದ ಚಿತ್ರದಲ್ಲಿ ಥೋರ್ಪ್ ಆದವರು ಬಿಳಿಯ ನಟ ಬರ್ಟ್ ಲ್ಯಾಂಕಾಸ್ಟರ್. ಆಗ ಥೋರ್ಪ್ ಇನ್ನೂ ಬದುಕಿದ್ದರು.

ಅಲ್ಲಿ ಇದಕ್ಕೆ ಅಭ್ಯಾಸಬಲದ ಜೊತೆಗೆ ಒಂದು ಕಟ್ಟಳೆಯೂ ಇತ್ತು. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಚಿತ್ರೋದ್ಯಮದ ನಿಯಮಾವಳಿ ಕರಿಯರ ಮತ್ತು ಬಿಳಿಯರ ಪ್ರಣಯವನ್ನು ತೆರೆಯ ಮೇಲೆ ತೋರಿಸಲು ಬಿಡುತ್ತಿರಲಿಲ್ಲ. ಸ್ಟುಡಿಯೋಗಳು ಆ ಭಯವನ್ನು ಏಷ್ಯಾದವರಿಗೂ ಹಬ್ಬಿಸಿದವು. ನಾಯಕ ಬಿಳಿಯನಾದರೆ, ಅವನು ಚೀನೀ ರೈತನ ವೇಷದಲ್ಲಿದ್ದರೂ, ನಾಯಕಿಯೂ ಬಿಳಿಯಳೇ ಆಗಬೇಕಿತ್ತು. ಲಾಸ್ ಏಂಜಲೀಸಿನಲ್ಲಿಯೇ ಹುಟ್ಟಿ ಬೆಳೆದ ಚೀನೀ ಮೂಲದ ನಟಿ ಆನಾ ಮೇ ವಾಂಗ್ ಅವರ ಕೈತಪ್ಪಿದ ಅಂಥ ಒಂದು ಪಾತ್ರ ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್‌ಗೆ ಸಿಕ್ಕಿತು. ಅದಕ್ಕೆ ಆಸ್ಕರ್ ಕೂಡ ಬಂತು.

ಇನ್ನು ನಮ್ಮ ಮನೆಗೆ ಬರೋಣ. ದೆಹಲಿಯ ಸಿಂಹಾಸನದಲ್ಲಿ 1236ರಿಂದ 1240ರವರೆಗೆ ಕುಳಿತ ರಜಿಯಾ ಸುಲ್ತಾನಳ ಆಸ್ಥಾನದಲ್ಲಿ ಜಮಾಲುದ್ದೀನ್ ಯಾಕೂತ್ ಎಂಬ ಹಬ್ಶಿ, ಎಂದರೆ ಆಫ್ರಿಕಾ ಮೂಲದ, ಅಧಿಕಾರಿ ಇದ್ದ. ಕುದುರೆ ಲಾಯದ ಮುಖ್ಯಸ್ಥ. ಒಬ್ಬ ಹಬ್ಶಿಗೆ ಅಷ್ಟು ಎತ್ತರದ ಸ್ಥಾನ ಸಿಕ್ಕಿದ್ದೇ ತುರ್ಕಿ ಸರದಾರರ ಹೊಟ್ಟೆಯುರಿಗೆ ಒಂದು ಕಾರಣ. ಈ ಕಥೆಯ ಮೇಲೆ 1983ರಲ್ಲಿ ಬಂದ ಅದ್ದೂರಿ ಹಿಂದಿ ಚಿತ್ರದಲ್ಲಿ ಯಾಕೂತ್ ಆದವರು ಪಂಜಾಬಿನ ಧರ್ಮೇಂದ್ರ, ಮುಖಕ್ಕೆ ಕಪ್ಪು ಬಳಿದುಕೊಂಡು. ಭಾರತದ ಇತಿಹಾಸದಲ್ಲಿ ಆಫ್ರಿಕಾದವನೊಬ್ಬನಿಗೆ ನಾಯಕನ ಪಾತ್ರ ಸಿಕ್ಕಿದ ಅಪರೂಪದ ಸಂದರ್ಭ ಅದು. ಅಲ್ಲಿಯೂ ಆಫ್ರಿಕಾ ಮೂಲದ ಮುಖ ಬರಲಿಲ್ಲ.

ಬೀದರಿಗೂ ಆಫ್ರಿಕಾಕ್ಕೂ ಏನು ಸಂಬಂಧ?

ಈ ಪ್ರಶ್ನೆ ಬೀದರಿನ ಮಕ್ಕಳೇ ಕೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಉತ್ತರ ಅವರ ಊರಿನಲ್ಲೇ ಇದೆ. ಬೀದರ್ ಊರಂಚಿನಲ್ಲಿ ಹಬ್ಶಿ ಕೋಟ್ ಎಂಬ ದಿಬ್ಬವಿದೆ. ಅದರ ಮೇಲೆ ಹಬ್ಶಿ ಸರದಾರರ ಗೋರಿಗಳಿವೆ. ಹಬಶ್ ಎಂದರೆ ಅಬಿಸೀನಿಯ, ಇಂದಿನ ಇಥಿಯೋಪಿಯ ಮತ್ತು ಅದರ ಸುತ್ತಿನ ನೆಲ. ಅಲ್ಲಿಂದ ಹುಡುಗರನ್ನು ಹಿಡಿದು, ಕೆಂಪು ಸಮುದ್ರ ದಾಟಿಸಿ, ಅರಬ್ಬರ ಪೇಟೆಗಳಲ್ಲಿ ಮಾರಿ, ಹಡಗಿನಲ್ಲಿ ಕೊಂಕಣದ ಬಂದರುಗಳಿಗೆ ತಂದು, ಘಟ್ಟ ಹತ್ತಿಸಿ ದಖ್ಖನಿನ ಸುಲ್ತಾನರಿಗೂ ಸರದಾರರಿಗೂ ಒಪ್ಪಿಸುತ್ತಿದ್ದರು. ಕೊಂಡವರು ಅವರಿಗೆ ಬೆಲೆಬಾಳುವ ಸರಕಿನ ಹೆಸರುಗಳನ್ನು ಇಡುತ್ತಿದ್ದರು. ಯಾಕೂತ್ ಎಂದರೆ ಮಾಣಿಕ್ಯ, ಅಂಬರ್ ಎಂದರೆ ಒಂದು ಸುಗಂಧದ್ರವ್ಯ, ಜೌಹರ್ ಎಂದರೆ ರತ್ನ. ತಾಯಿ ಇಟ್ಟ ಹೆಸರು ಹೋಯಿತು, ವ್ಯಾಪಾರಿಯ ಹೆಸರು ಉಳಿಯಿತು.

1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫಾನಾಸಿ ನಿಕಿತಿನ್ ಇಲ್ಲಿನ ಪೇಟೆಯಲ್ಲಿ ಕುದುರೆ, ರೇಷ್ಮೆ, ಜರತಾರಿ ಬಟ್ಟೆಗಳು ಸಿಗುತ್ತವೆ ಎಂದು ಪಟ್ಟಿ ಮಾಡುತ್ತಾನೆ. ಅದೇ ಸಾಲಿನಲ್ಲಿ, ಅದೇ ಉಸಿರಿನಲ್ಲಿ, ಕಪ್ಪು ಜನರನ್ನೂ ಕೊಳ್ಳಬಹುದು ಎಂದು ಬರೆಯುತ್ತಾನೆ. ಆ ಮಾತಿನಲ್ಲಿ ಇಲ್ಲಿನ ಕಪ್ಪು ಮೈಯವರೂ ಸೇರಿರಬಹುದು. ಯಾರೇ ಆಗಿರಲಿ, ನಾವು ಇಂದು ತರಕಾರಿ ಕೊಳ್ಳಲು ಓಡಾಡುವ ಊರಿನ ಪೇಟೆ ಅದು.

ಹಾಗೆ ಬಂದವರು ಗುಲಾಮರಾಗಿಯೇ ಉಳಿಯಲಿಲ್ಲ ಎಂಬುದು ದಖ್ಖನಿನ ವಿಶೇಷ. ದಂಡಿನಲ್ಲಿ ಸೇರಿದರು, ಕೋಟೆ ಕಾದರು, ಸೇನಾಪತಿಗಳಾದರು. 15ನೇ ಶತಮಾನದ ಕೊನೆಯಲ್ಲಿ ಕಲಬುರಗಿ ಪ್ರಾಂತವನ್ನು ಆಳುತ್ತಿದ್ದವನು ದಸ್ತೂರ್ ದೀನಾರ್ ಎಂಬ ಹಬ್ಶಿ. ಬಹಮನಿ ರಾಜ್ಯ ಒಡೆದು ಹೋಳಾಗುವಾಗ ಅವನೂ ತನ್ನ ಪಾಲಿಗಾಗಿ ಕತ್ತಿ ಹಿಡಿದ, ಕೊನೆಗೆ ಯೂಸುಫ್ ಆದಿಲ್ ಖಾನನ ಸೇನೆಯೊಡನೆ ಹೋರಾಡುತ್ತ ಸತ್ತ. ಆಮೇಲೆ ಬಂದ ಮಲಿಕ್ ಅಂಬರ್ ಇನ್ನೂ ಎತ್ತರಕ್ಕೆ ಏರಿದ. ಇಥಿಯೋಪಿಯದಲ್ಲಿ ಚಾಪು ಎಂದು ಕರೆಸಿಕೊಳ್ಳುತ್ತಿದ್ದ ಹುಡುಗ ಬಾಗ್ದಾದಿನಲ್ಲಿ ಮಾರಾಟವಾಗಿ ಅಹಮದ್‌ನಗರಕ್ಕೆ ಬಂದು, ಆ ರಾಜ್ಯದ ಪೇಶ್ವೆಯಾಗಿ, 1626ರಲ್ಲಿ ಸಾಯುವವರೆಗೆ ಮೊಗಲರನ್ನು ದಖ್ಖನಿನಲ್ಲಿ ಕಾಲೂರಲು ಬಿಡಲಿಲ್ಲ. ಅವನು ಕಟ್ಟಿದ ಖಡಕಿ ಎಂಬ ಊರೇ ಮುಂದೆ ಔರಂಗಾಬಾದ್ ಆಯಿತು.

ಮುಖ ಬೇರೆಯಾದರೆ ಕಥೆಗೆ ಏನು ನಷ್ಟ? ಮಾತು ಸರಿಯಿದ್ದರೆ ಸಾಲದೇ?

ಸಾಲದು. ಮಹಮೂದ್ ಗಾವಾನನ ಕಥೆಯನ್ನೇ ತೆಗೆದುಕೊಳ್ಳಿ. ಅವನು ಇರಾನಿನ ಗೀಲಾನ್ ಪ್ರಾಂತದವನು. ವ್ಯಾಪಾರಿಯಾಗಿ ಬಂದು ಬಹಮನಿಗಳ ಮಂತ್ರಿಯಾದ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ, ಅದರ ಮಿನಾರಿನ ಮೇಲೆ ನೀಲಿ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. 1481ರಲ್ಲಿ ಅವನ ತಲೆ ಹಾರಿತು. ಏಕೆ? ಆಸ್ಥಾನದಲ್ಲಿ ಎರಡು ಪಂಗಡಗಳಿದ್ದವು. ಇರಾನ್, ತುರ್ಕಿ, ಅರಬ್ ನಾಡುಗಳಿಂದ ಹೊಸದಾಗಿ ಬಂದ ಆಫಾಕಿಗಳು ಒಂದು ಕಡೆ. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ದಖನಿಗಳು ಇನ್ನೊಂದು ಕಡೆ. ಹಬ್ಶಿಗಳು ದಖನಿಗಳ ಜೊತೆಗಿದ್ದರು. ಗಾವಾನ್ ಎರಡೂ ಕಡೆಯವರನ್ನು ತೂಗಿಸಲು ನೋಡಿದ. ಆದರೂ ಅವನ ಮುದ್ರೆಯಿದ್ದ ಕಾಗದದ ಮೇಲೆ ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರವನ್ನು ಸೃಷ್ಟಿಸಿ, ಕುಡಿದಿದ್ದ ಸುಲ್ತಾನನಿಗೆ ತೋರಿಸಿದರು. ತಲೆ ಕಡಿದವನು ಜೌಹರ್ ಎಂಬ ಹಬ್ಶಿ.

ಈಗ ಈ ದೃಶ್ಯವನ್ನು ಎಲ್ಲರೂ ಒಂದೇ ಮೈಬಣ್ಣದ, ಒಂದೇ ನಗರದಿಂದ ಬಂದ ನಟರಿಂದ ಮಾಡಿಸಿ. ಎಲ್ಲರಿಗೂ ಒಂದೇ ಥರದ ಜರಿ ಅಂಗಿ, ಒಂದೇ ಥರದ ಗಡ್ಡ. ನೋಡುವವನಿಗೆ ಏನು ತಿಳಿಯುತ್ತದೆ? ಕೆಲವು ಕೆಟ್ಟವರು ಸೇರಿ ಒಬ್ಬ ಒಳ್ಳೆಯವನನ್ನು ಕೊಂದರು ಎಂದು ಅಷ್ಟೇ. ಈ ಕೊಲೆಯ ಹಿಂದೆ ಇದ್ದದ್ದು ಯಾರು ಇಲ್ಲಿನವರು, ಯಾರು ಹೊರಗಿನವರು ಎಂಬ ಜಗಳ. ಅದು ಮಾತಿಗಿಂತ ಮೊದಲು ಮುಖದಲ್ಲಿ ಕಾಣುತ್ತಿತ್ತು. ಮುಖ ಅಳಿಸಿದರೆ ಕಾರಣವೇ ಅಳಿಸಿಹೋಗುತ್ತದೆ.

ಇನ್ನೊಂದು ಮಾತು. ಈ ಕಥೆಯಲ್ಲಿ ಹಬ್ಶಿ ಎಂದರೆ ಜೌಹರ್ ಒಬ್ಬನೇ ಎಂಬಂತೆ ಮಾಡಿ, ಕತ್ತಿ ಹಿಡಿದ ಕಪ್ಪು ಮನುಷ್ಯನನ್ನು ಒಂದು ಕ್ಷಣ ತೋರಿಸಿ ಬಿಡುವುದೂ ಅನ್ಯಾಯ. ಅದೇ ರಾಜ್ಯದಲ್ಲಿ ಹಬ್ಶಿಗಳು ಪ್ರಾಂತ ಆಳಿದ್ದಾರೆ. ಅವರನ್ನು ದರ್ಬಾರಿನಲ್ಲಿ ಕೂರಿಸಿ, ಮಾತಾಡಿಸಿ, ಆಮೇಲೆ ಜೌಹರ್‌ನ ಕೈಗೆ ಕತ್ತಿ ಕೊಡಲಿ.

ಅಷ್ಟು ಹಿಂದಿನವರ ಮುಖ ಹೇಗಿತ್ತೆಂದು ಯಾರಿಗೆ ಗೊತ್ತು?

ಕೆಲವರದು ಗೊತ್ತು. ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬ್ಶಿ. 1645ರ ಸುಮಾರಿನ ಒಂದು ಚಿತ್ರದಲ್ಲಿ ಸುಲ್ತಾನ ಆನೆಯ ಮೇಲೆ ಹೋಗುತ್ತಿದ್ದಾನೆ, ಹಿಂದೆ ಇಖ್ಲಾಸ್ ಖಾನ್ ಕುಳಿತಿದ್ದಾನೆ. ಚಿತ್ರಕಾರ ಅವನ ಮೈಬಣ್ಣವನ್ನು ತಿಳಿ ಮಾಡಲು ಹೋಗಿಲ್ಲ. ಮುಚ್ಚುವಂಥದ್ದೆಂದು ಅವನಿಗೆ ಅನ್ನಿಸಿಯೇ ಇಲ್ಲ. ಮಲಿಕ್ ಅಂಬರನ ಚಿತ್ರಗಳೂ ಇವೆ. ಮೊಗಲ್ ಚಿತ್ರಕಾರ ಅಬುಲ್ ಹಸನ್ 1616ರ ಸುಮಾರಿಗೆ ಬಿಡಿಸಿದ ಒಂದರಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು ಅಂಬರನ ಕತ್ತರಿಸಿದ ತಲೆಗೆ ಬಾಣ ಬಿಡುತ್ತಿದ್ದಾನೆ. ನಿಜದಲ್ಲಿ ಜಹಾಂಗೀರನಿಗೆ ಆ ತಲೆ ಎಂದೂ ಸಿಗಲಿಲ್ಲ. ತನ್ನ ದಿನಚರಿಯಲ್ಲಿ ಅವನನ್ನು ಕರಿಮುಖದವನೆಂದು ಜರೆಯುತ್ತಾನೆ. ಬಣ್ಣ ಹಿಡಿದು ಬೈಯುವುದು ಆಗಲೂ ಇತ್ತು. ಸಿನಿಮಾದವರು ಆ ಬೈಗುಳವನ್ನು ಕೇಳಿಸಿದರೆ ತಾನೆ ಅಂಬರನ ನಿಲುವು ಎಷ್ಟು ಗಟ್ಟಿಯೆಂದು ಗೊತ್ತಾಗುವುದು?

ಇನ್ನೂ ಹಿಂದಿನದು ಬೇಕಾದರೆ ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಿ. ಅಲ್ಲಿನ ಬೌದ್ಧ ಸ್ತೂಪದ ಒಂದು ಶಿಲಾಫಲಕದಲ್ಲಿ ರಾಜ, ರಾಣಿ, ಛತ್ರ ಹಿಡಿದ ಮತ್ತು ಚಾಮರ ಬೀಸುವ ಪರಿಚಾರಿಕೆಯರು ಇದ್ದಾರೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಅಶೋಕನ ಹೆಸರು ಬರೆದ ಅವನ ಶಿಲ್ಪ ಎಂದು ಪ್ರಸಿದ್ಧವಾದದ್ದು ಇದೇ. ಅಶೋಕ ಸತ್ತು ಎಷ್ಟೋ ಕಾಲವಾದ ಮೇಲೆ ಕೆತ್ತಿದ್ದರಿಂದ ಇದು ಎದುರಿಗೆ ಕೂರಿಸಿ ಮಾಡಿದ್ದಲ್ಲ. ಕಲ್ಲಿಗೆ ಮೈಬಣ್ಣವೂ ಇಲ್ಲ. ಆದರೆ ಈ ನೆಲದ ಶಿಲ್ಪಿಗಳು ಅಶೋಕನನ್ನು ತಮ್ಮ ಸುತ್ತಲಿನವರಂತೆ, ದೊಡ್ಡ ಕಿವಿಯೋಲೆ, ತೋರವಾದ ಮೈಕಟ್ಟಿನ ಮನುಷ್ಯನಾಗಿ ಕಂಡರು. ಜಿಮ್ಮಿನಲ್ಲಿ ಕೆತ್ತಿದ ಬೆಳ್ಳನೆಯ ನಾಯಕನನ್ನು ಅವರು ಕಾಣಲಿಲ್ಲ.

ಬಸವಣ್ಣನವರ ಬಣ್ಣ?

12ನೇ ಶತಮಾನದ ಚಿತ್ರ ಯಾವುದೂ ಉಳಿದಿಲ್ಲ. ಕ್ಯಾಲೆಂಡರಿನ ಬಸವಣ್ಣ ಬೆಳ್ಳಗಿದ್ದಾರೆ, ಅದು ಕ್ಯಾಲೆಂಡರಿನ ಬಣ್ಣ. ಸಿನಿಮಾ ಮತ್ತು ಕ್ಯಾಲೆಂಡರ್ ಒಂದೇ ಕುಂಚದಿಂದ ಬಂದದ್ದು ನಮ್ಮ ಜಿಲ್ಲೆಗಳಿಗೆ ಹೊಸ ಸಂಗತಿಯಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಎರಡನ್ನೂ ಬಿಡಿಸಿ ದೇಶಕ್ಕೆಲ್ಲ ಹೆಸರಾದವರು.

ನನಗೆ ಹೆಚ್ಚು ನೋವು ಕೊಡುವುದು ಬೇರೆ. ಕಲ್ಯಾಣದ ಕಥೆಯ ನಾಟಕಗಳಲ್ಲಿ ಹರಳಯ್ಯನವರ ಮಗನಿಗೆ ಕಪ್ಪು ಹುಡುಗ, ಮಧುವರಸರ ಮಗಳಿಗೆ ಬೆಳ್ಳನೆಯ ಹುಡುಗಿ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಜಾತಿಗೂ ಚರ್ಮಕ್ಕೂ ಗಂಟು ಹಾಕುವ ಈ ಅಭ್ಯಾಸ ಶರಣರ ಕಥೆ ಹೇಳುವಾಗಲೇ ನಡೆಯುತ್ತದೆ. ಒಮ್ಮೆ ನಾನು ಹುಡುಗ ಬೆಳ್ಳಗೆ, ಹುಡುಗಿ ಕಪ್ಪಗೆ ಇರುವಂತೆ ನಟರನ್ನು ಅದಲುಬದಲು ಮಾಡಿಸಿದೆ. ಪ್ರೇಕ್ಷಕರಿಗೆ ಏನೂ ತೊಂದರೆಯಾಗಲಿಲ್ಲ. ಕೊನೆಯ ದೃಶ್ಯದಲ್ಲಿ ಎಂದಿನಂತೆಯೇ ಅತ್ತರು.

ಕಪ್ಪು ಬಣ್ಣ ಹಚ್ಚಿ ಸರಿಪಡಿಸಬಹುದಲ್ಲ? ನೀವೇ ಪ್ರಸಾಧನದವರು.

ಹಚ್ಚಿದ್ದೇನೆ. ಅದನ್ನು ಹೇಳಲೇಬೇಕು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಒಂದು ಉತ್ಸವಕ್ಕೆ ಬಹಮನಿ ಕಾಲದ ನಾಟಕ. ಹಬ್ಶಿ ಸರದಾರನ ಪಾತ್ರ ಭಾಲ್ಕಿ ಕಡೆಯ ಒಬ್ಬ ಎತ್ತರದ ಹುಡುಗನದು. ಕೊಬ್ಬರಿ ಎಣ್ಣೆಯಲ್ಲಿ ಕಾಡಿಗೆ ಕಲಸಿ, ಕಂದು ಪ್ಯಾನ್‌ಕೇಕ್ ಸೇರಿಸಿ, ಹಣೆಯಿಂದ ಕೊರಳಿನವರೆಗೆ ಹಚ್ಚಿದೆ. ಕಿವಿಯ ಹಿಂದೆ ಒಂದು ಗೆರೆ ಉಳಿಯಿತು, ಅಲ್ಲಿ ಅವನ ನಿಜವಾದ ಬಣ್ಣ ಶುರುವಾಗುತ್ತಿತ್ತು. ಆಮೇಲೆ ತುಟಿ ದಪ್ಪ ಕಾಣಲೆಂದು ಕೆಂಪು ಗೆರೆಯನ್ನು ತುಟಿಯ ಅಂಚಿನಿಂದ ಹೊರಗೆ ಎಳೆದೆ. ಹಾಗೆ ಎಳೆಯಲು ನನಗೆ ಯಾರೂ ಕಲಿಸಿರಲಿಲ್ಲ. ಎಲ್ಲೋ ನೋಡಿದ್ದು ಕೈಗೆ ತಾನಾಗಿ ಬಂದಿತ್ತು.

ಅದೇ ಉತ್ಸವಕ್ಕೆ ಯಲ್ಲಾಪುರದ ಕಡೆಯಿಂದ ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಕುಣಿತದ ತಂಡ ಬಂದಿತ್ತು. ತಂಡದ ಒಬ್ಬ ಯುವಕ ನೀರು ಕೇಳಲು ಬಣ್ಣದ ಕೋಣೆಯ ಬಾಗಿಲಿಗೆ ಬಂದವನು ಅಲ್ಲಿಯೇ ನಿಂತ. ಕನ್ನಡಿಯಲ್ಲಿ ಆ ಹುಡುಗನ ಮುಖ ನೋಡಿದ.

“ಅಕ್ಕಾ, ಇವರು ಯಾರು?” ಎಂದು ಕೇಳಿದ.

“ಹಬ್ಶಿ ಸರದಾರ. ನಿಮ್ಮ ಕಡೆಯವರೇ” ಎಂದೆ. ಖುಷಿಯಾಗುತ್ತದೆ ಎಂದುಕೊಂಡಿದ್ದೆ.

“ನಮ್ಮ ತುಟಿ ಹೀಗಿವೆಯೇ?” ಎಂದ. ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗೆ ಇತ್ತು. ನಾನು ಮೊದಲ ಸಲ ಅವನ ತುಟಿಯನ್ನು ನೋಡಿದೆ. ಹಾಗಿರಲಿಲ್ಲ.

ಗೆರೆ ಒರೆಸಿದೆ. ಕಪ್ಪನ್ನು ಒರೆಸಲು ಹೊತ್ತಿರಲಿಲ್ಲ. ಸರದಾರ ರಂಗದ ಮೇಲೆ ಬಂದದ್ದು ಸುಲ್ತಾನನಿಗೆ ಸೋಲಿನ ಸುದ್ದಿ ಹೇಳಲು. ಗಂಭೀರವಾದ ದೃಶ್ಯ. ಅವನು ಬಂದ ಕೂಡಲೇ ಜನ ನಕ್ಕರು. ಅವನು ಬಾಯಿ ತೆರೆಯುವ ಮೊದಲೇ ನಕ್ಕರು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ನನಗೆ ಆ ಯುವಕ ಎಲ್ಲಿದ್ದಾನೆ ಎಂದು ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅಂದಿನಿಂದ ಯಾರನ್ನೂ ಆಫ್ರಿಕಾದವರನ್ನಾಗಿ ಮಾಡಲು ಬಣ್ಣ ಹಚ್ಚಿಲ್ಲ. ಬಳಿದ ಕಪ್ಪು ಮನುಷ್ಯನನ್ನು ತೋರಿಸುವುದಿಲ್ಲ, ಮನುಷ್ಯನ ಬಗ್ಗೆ ನಮ್ಮ ತಲೆಯಲ್ಲಿ ಇರುವ ಗೊಂಬೆಯನ್ನು ತೋರಿಸುತ್ತದೆ. ಅಮೆರಿಕದ ಗಾಯಕಿ ನೀನಾ ಸಿಮೋನ್ ಕುರಿತ 2016ರ ಚಿತ್ರದಲ್ಲಿ ತಿಳಿಗಪ್ಪಿನ ಜೋಯಿ ಸಲ್ಡಾನಾಗೆ ಮೈ ಕಪ್ಪಾಗಿಸಿ ಕೃತಕ ಮೂಗು ಅಂಟಿಸಿದ್ದರು. ನೀನಾ ತನ್ನ ಕಪ್ಪು ಬಣ್ಣಕ್ಕಾಗಿ, ಮೂಗಿಗಾಗಿ ಬದುಕಿಡೀ ಅವಮಾನ ತಿಂದು ಅದನ್ನೇ ಹಾಡಾಗಿಸಿದವರು. 2020ರಲ್ಲಿ ಸಲ್ಡಾನಾ ತಾನು ಆ ಪಾತ್ರ ಮಾಡಬಾರದಿತ್ತು ಎಂದು ಕ್ಷಮೆ ಕೇಳಿದರು. ಆ ಕ್ಷಮೆಯನ್ನು ನಾನು ಗೌರವಿಸುತ್ತೇನೆ.

ದೊಡ್ಡಾಟದಲ್ಲಿ ಗಂಡಸರೇ ದ್ರೌಪದಿಯಾಗುತ್ತಾರೆ. ಅದು ತಪ್ಪಲ್ಲವೇ?

ಅಲ್ಲ. ದೊಡ್ಡಾಟದಲ್ಲಿ, ಸಣ್ಣಾಟದಲ್ಲಿ ನೋಡುವವರಿಗೂ ಆಡುವವರಿಗೂ ಒಂದು ಒಪ್ಪಂದವಿದೆ. ಮೀಸೆ ಬೋಳಿಸಿದ ನಮ್ಮ ಓಣಿಯ ಕಾಕಾ ದ್ರೌಪದಿ ಎಂದು ಎಲ್ಲರಿಗೂ ಗೊತ್ತು. ಭುಜಕೀರ್ತಿ, ಕಿರೀಟ, ಮುಖದ ಕೆಂಪು ಎಲ್ಲವೂ ಇದು ಆಟ ಎಂದು ಕೂಗಿ ಹೇಳುತ್ತವೆ. ಮುಖದ ಬಣ್ಣ ಅಲ್ಲಿ ಸ್ವಭಾವದ ಗುರುತು, ಕುಲದ ಗುರುತಲ್ಲ. ಸಿನಿಮಾ ಹಾಗಲ್ಲ. ಕೋಟೆ, ಆಯುಧ, ಕುದುರೆಯ ಜೀನು ಎಲ್ಲವೂ ನಿಜದಂತೆ ಇರಬೇಕೆಂದು ಕೋಟಿಗಟ್ಟಲೆ ಸುರಿದು, ‘ಹೀಗೇ ಇತ್ತು’ ಎಂದು ನಂಬಿಸುತ್ತದೆ. ಗುಂಡಿಯ ವಿನ್ಯಾಸ ಸರಿಯಿರಬೇಕು, ಮುಖ ಯಾವುದಾದರೂ ನಡೆಯುತ್ತದೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಹಾಗಾದರೆ ಬಿಳಿಯರ ಪಾತ್ರಗಳನ್ನು ಕರಿಯರು ಮಾಡುವುದು?

2015ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ‘ಹ್ಯಾಮಿಲ್ಟನ್’ ಸಂಗೀತ ನಾಟಕದಲ್ಲಿ ಅಮೆರಿಕವನ್ನು ಕಟ್ಟಿದ ಬಿಳಿಯ ನಾಯಕರ ಪಾತ್ರಗಳನ್ನು ಕರಿಯ ಮತ್ತು ಲ್ಯಾಟಿನ್ ಮೂಲದ ನಟರು ಮಾಡಿದರು. ಅದು ನಮ್ಮ ದೊಡ್ಡಾಟದ ಹಾಗೆ ತೆರೆದಿಟ್ಟ ಆಟ. ಜಾರ್ಜ್ ವಾಷಿಂಗ್ಟನ್ ಬಿಳಿಯನಲ್ಲ ಎಂದು ಯಾರೂ ಮೋಸಹೋಗುವುದಿಲ್ಲ.

2023ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ಕ್ಲಿಯೋಪಾತ್ರಳ ಸರಣಿಯ ವಿಷಯ ಬೇರೆ. ಅಲ್ಲಿ ರಾಣಿಯಾದವರು ಕರಿಯ ನಟಿ. ಈಜಿಪ್ಟಿನ ಪುರಾತತ್ವ ಇಲಾಖೆ ಕ್ಲಿಯೋಪಾತ್ರಳ ಮನೆತನ ಮ್ಯಾಸಿಡೋನಿಯದ ಗ್ರೀಕರದು ಎಂದು ಆಕ್ಷೇಪಿಸಿತು. ಸಾಕ್ಷ್ಯಚಿತ್ರ ಎಂದು ಹೆಸರಿಟ್ಟ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ, ನನ್ನ ಮನಸ್ಸು ಇಲಾಖೆಯ ಕಡೆಗಿದೆ. ಆದರೆ ಆ ನಟಿಯ ಮೈಬಣ್ಣದ ಮೇಲೆ ಜನ ಕಾರಿದ ವಿಷವನ್ನು ಒಂದು ಕ್ಷಣವೂ ಒಪ್ಪುವುದಿಲ್ಲ.

ಸುರಪುರದ ನಾಟಕದಲ್ಲಿ ನಮ್ಮ ಹುಡುಗ ಪೌಡರ್ ಬಳಿದುಕೊಂಡು ಇಂಗ್ಲಿಷ್ ಅಧಿಕಾರಿಯಾದ. ಅದೂ ಅದೇ ತಪ್ಪೇ?

ಯಾದಗಿರಿಯಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ತೂಕ ಒಂದೇ ಅಲ್ಲ ಎಂಬುದು ನನ್ನ ಉತ್ತರ. ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಬದುಕಿನ ಕಥೆಯನ್ನು ತಾನೇ ಬರೆದಿಟ್ಟು ಹೋಗಿದ್ದಾನೆ. ಅವನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಅವನನ್ನು ‘ಅಪ್ಪ’ ಎಂದು ಕರೆದು ಬೆಳೆದ, 1858ರಲ್ಲಿ ಇಂಗ್ಲಿಷರ ವಿರುದ್ಧ ತಿರುಗಿಬಿದ್ದು ಪ್ರಾಣ ಬಿಟ್ಟ ರಾಜಾ ವೆಂಕಟಪ್ಪ ನಾಯಕನ ಬಗ್ಗೆಯೂ ಟೇಲರನ ಬರಹದಿಂದಲೇ ಎಷ್ಟೋ ತಿಳಿಯುತ್ತದೆ. ಪೌಡರ್ ಹಚ್ಚಿದ ನಮ್ಮ ಹುಡುಗನಿಂದ ಟೇಲರನ ಮುಖ ಅಳಿಯುವುದಿಲ್ಲ, ಯಾವ ಇಂಗ್ಲಿಷ್ ನಟನ ಕೂಲಿಯೂ ತಪ್ಪುವುದಿಲ್ಲ. ಕಲಬುರಗಿಯನ್ನು ಆಳಿದ ದಸ್ತೂರ್ ದೀನಾರ್ ಹಾಗೆ ತನ್ನ ಕಥೆ ಬರೆದಿಟ್ಟಿಲ್ಲ. ಅವನಿಗೆ ಉಳಿದಿರುವುದು ಬೇರೆಯವರ ಪುಸ್ತಕದ ಕೆಲವು ಸಾಲುಗಳು.

ನಟನೆ ಎಂದರೆ ಬೇರೆಯವರಾಗುವುದೇ ಅಲ್ಲವೇ? ಹೆಸರಾಂತ ನಟರಿಲ್ಲದೆ ಹಣ ಹಾಕುವವರು ಯಾರು?

ಬೇರೆಯವರಾಗಲು ಎಲ್ಲರಿಗೂ ಅವಕಾಶವಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪಂಜಾಬಿನ ನಟ ಹಬ್ಶಿಯಾಗಬಹುದು, ಸಿದ್ದಿ ನಟ ಶಿವಾಜಿಯಾಗಲು ಯಾರು ಕರೆಯುತ್ತಾರೆ? 2014ರ ‘ಮೇರಿ ಕೋಮ್’ ಚಿತ್ರದಲ್ಲಿ ಮಣಿಪುರದ ಬಾಕ್ಸರ್ ಆದವರು ಪ್ರಿಯಾಂಕಾ ಚೋಪ್ರಾ. ಚಿತ್ರ ಗೆದ್ದಿತು. ವರ್ಷಗಳ ನಂತರ ಅವರೇ ಆ ಪಾತ್ರ ಬಹುಶಃ ಈಶಾನ್ಯದವರಿಗೆ ಸಿಗಬೇಕಿತ್ತು ಎಂದರು. ಪಾತ್ರ ಕೊಡದೆ ಯಾರೂ ಹೆಸರಾಂತರಾಗುವುದಿಲ್ಲ, ಹೆಸರಿಲ್ಲ ಎಂದು ಪಾತ್ರ ಕೊಡುವುದಿಲ್ಲ. ಈ ಗಾಣ ಸುತ್ತುತ್ತಲೇ ಇದೆ.

ಬೆನ್ ಕಿಂಗ್ಸ್‌ಲಿ ಗಾಂಧಿಯಾದದ್ದು?

ಅವರ ಹುಟ್ಟುಹೆಸರು ಕೃಷ್ಣ ಭಾನ್‌ಜಿ, ತಂದೆಯ ಕಡೆ ಗುಜರಾತಿ ಮೂಲ. 1982ರ ಆ ಪಾತ್ರ ಹಂಚಿಕೆಯ ಮೇಲೆ ನನಗೆ ದೂರಿಲ್ಲ.

ಕರ್ನಾಟಕದಲ್ಲಿ ಸಿದ್ದಿ ನಟರಿದ್ದಾರೆಯೇ?

ಇದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಿನಂಚಿನ ಹಳ್ಳಿಗಳಲ್ಲಿ ಸಿದ್ದಿ ಕುಟುಂಬಗಳಿವೆ. ಆಫ್ರಿಕಾ ಮೂಲದವರು, ಕನ್ನಡ, ಕೊಂಕಣಿ ಮಾತಾಡುವವರು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ರಂಗಭೂಮಿಯಿಂದ ಬಂದ ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾಗಳಲ್ಲಿ ನಟಿಸುತ್ತಿದ್ದಾರೆ. ಗಿರಿಜಾ ಸಿದ್ದಿಯವರ ಹಾಡು, ನಟನೆ ಎರಡನ್ನೂ ಕನ್ನಡಿಗರು ಬಲ್ಲರು. ಕಿತ್ತೂರಿನ ಹೋರಾಟದಲ್ಲಿ ಸಂಗೊಳ್ಳಿ ರಾಯಣ್ಣನ ಜೊತೆ ನಿಂತ ಗಜವೀರ ಸಿದ್ದಿ ಎಂದು ಆ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಬೀದರಿನಿಂದ ಯಲ್ಲಾಪುರಕ್ಕೆ ಒಂದು ರಾತ್ರಿಯ ಬಸ್ ಪ್ರಯಾಣ. ಸಿನಿಮಾದವರಿಗೆ ಅದಕ್ಕಿಂತ ದೂರದಿಂದ ಕುದುರೆ ತರಿಸಲು ಗೊತ್ತು.

ನಮ್ಮಂಥ ಸಣ್ಣ ತಂಡಗಳಿಗೆ ಯಾರೂ ಸಿಗದಿದ್ದರೆ ಏನು ಮಾಡುವುದು ಎಂದೂ ಕೇಳುತ್ತಾರೆ. ಇರುವ ಹುಡುಗ ತನ್ನ ಬಣ್ಣದಲ್ಲಿಯೇ ನಿಲ್ಲಲಿ. ಹೆಸರು, ಮಾತು, ಉಡುಪು ಸರಿಯಿರಲಿ. ನಾಟಕದ ಮೊದಲ ಪ್ರಕಟಣೆಯಲ್ಲಿ ಈ ಪಾತ್ರ ಆಫ್ರಿಕಾ ಮೂಲದವರದು ಎಂದು ಎರಡು ಸಾಲು ಹೇಳಿ. ನಾವು ಎಂಟು ವರ್ಷಗಳಿಂದ ಹೀಗೇ ಮಾಡುತ್ತಿದ್ದೇವೆ.

ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರಕ್ಕೆ ಬೆಳ್ಳನೆಯ ಹುಡುಗಿಯನ್ನೇ ಆರಿಸಬೇಕೇ?

ದಯವಿಟ್ಟು ಬೇಡ. ಒಂದು ಶಾಲೆಯಲ್ಲಿ ಕಿತ್ತೂರು ಚೆನ್ನಮ್ಮನ ಇಡೀ ಮಾತು ಬಾಯಿಪಾಠ ಮಾಡಿಕೊಂಡಿದ್ದ ಐದನೇ ತರಗತಿಯ ಹುಡುಗಿಯನ್ನು ಕೊನೆಯ ಗಳಿಗೆಯಲ್ಲಿ ದಾಸಿ ಮಾಡಿದರು, ‘ಫೋಟೋದಲ್ಲಿ ಚೆನ್ನಾಗಿ ಕಾಣಬೇಕು’ ಎಂದು. ನಾನು ಅವಳಿಗೆ ಬಣ್ಣ ಹಚ್ಚುತ್ತಿದ್ದೆ. “ಟೀಚರ್, ನನಗೆ ಸ್ವಲ್ಪ ಜಾಸ್ತಿ ಪೌಡರ್ ಹಚ್ಚಿದರೆ ರಾಣಿ ಆಗಬಹುದಾ?” ಎಂದಳು. ರಂಗದ ಮೇಲೆ ರಾಣಿ ಮಾತು ಮರೆತು ನಿಂತಾಗ, ಛತ್ರ ಹಿಡಿದು ಹಿಂದೆ ನಿಂತಿದ್ದ ಇವಳೇ ಪಿಸುದನಿಯಲ್ಲಿ ಹೇಳಿಕೊಟ್ಟಳು.

ಹಳೆಯ ಸಿನಿಮಾಗಳನ್ನು ನೋಡಬಾರದೇ?

ನೋಡಿ. ಮಕ್ಕಳ ಜೊತೆ ನೋಡಿ, ಆಮೇಲೆ ಇಖ್ಲಾಸ್ ಖಾನನ ಆ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿ. ಎಲ್ಲವೂ ಕೆಟ್ಟದ್ದಲ್ಲ ಎಂಬುದಕ್ಕೆ ಉದಾಹರಣೆಯೂ ನಮ್ಮ ಊರಿನದೇ. ನಿಕಿತಿನ್‌ನ ಪ್ರವಾಸದ ಮೇಲೆ ಭಾರತ ಮತ್ತು ಸೋವಿಯತ್ ರಷ್ಯಾ ಸೇರಿ 1957ರಲ್ಲಿ ‘ಪರದೇಸಿ’ ತೆಗೆದವು. ರಷ್ಯಾದ ವ್ಯಾಪಾರಿಯಾಗಿ ರಷ್ಯಾದ ನಟ ಒಲೆಗ್ ಸ್ಟ್ರಿಜೆನೊವ್ ಬಂದರು. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಸಾಧ್ಯವಾದದ್ದು ಈಗ ಆಗುವುದಿಲ್ಲ ಎಂದರೆ ಹೇಗೆ ನಂಬಲಿ?

ನೀವು ಯಾವ ಸಿನಿಮಾ ನೋಡಬೇಕೆಂದು ಕಾಯುತ್ತಿದ್ದೀರಿ?

ದಸ್ತೂರ್ ದೀನಾರನದು. ಕಲಬುರಗಿಯ ಕೋಟೆಯಲ್ಲಿ ಬೆಳಗಿನ ಹೊತ್ತು. ಬೀದರಿನಿಂದ ಬಂದ ಕಾಗದವನ್ನು ಕಾರಕೂನ ಪಾರ್ಸಿಯಲ್ಲಿ ಓದುತ್ತಿದ್ದಾನೆ, ದೀನಾರ್ ಕೇಳುತ್ತಿದ್ದಾನೆ. ಪಾತ್ರ ಮಾಡುವವನು ಹಳಿಯಾಳದವನೋ ಯಲ್ಲಾಪುರದವನೋ ಆಗಿರಲಿ. ಅವನ ಮುಖದ ಮೇಲೆ ಬೆವರು ಒರೆಸುವ ಪೌಡರ್ ಬಿಟ್ಟು ಬೇರೇನೂ ಇರಬಾರದು. ಕಾಗದ ಓದಿ ಮುಗಿದ ಮೇಲೆ ಅವನು ದಖನಿಯಲ್ಲಿ ಉತ್ತರ ಹೇಳಲಿ, ಆಮೇಲೆ ಕುದುರೆಗೆ ಹುಲ್ಲು ತಂದ ರೈತನ ಕಡೆ ತಿರುಗಿ ಕನ್ನಡದಲ್ಲಿ ಬೆಲೆ ವಿಚಾರಿಸಲಿ.